ಮಂಗಳವಾರದ ನಿಂಬೆಹಣ್ಣು

ಹೂಡಿಯ ಹಳೇ ಊರಿನಲ್ಲಿ ಯಾರ ಮನೆಯ ನಾಯಿ ಯಾರ ಚಪ್ಪಲಿ ಕಚ್ಚಿಕೊಂಡು ಹೋಯಿತು ಎಂಬುದರಿಂದ ಹಿಡಿದು ಯಾರ ಮಗಳು ಯಾರ ಬೈಕಿನಿಂದ ಇಳಿದಳು ಎಂಬುದರವರೆಗೆ ಯಾವ ಜಗಳ ಎದ್ದರೂ ಜನ ಕೊನೆಗೆ ಬಂದು ನಿಲ್ಲುತ್ತಿದ್ದದ್ದು ಅನುಸೂಯಮ್ಮನ ಮನೆ ಮುಂದೆ. “ಅನುಸೂಯಮ್ಮ ನೋಡವ್ರಾ?” ಎಂದು ಕೇಳುತ್ತಿದ್ದರು. ನೋಡಿದ್ದರೆ ಮುಗಿಯಿತು, ಜಗಳ ಅಲ್ಲಿಗೇ ಬಿತ್ತು. ಆಕೆ ಸುಳ್ಳು ಹೇಳಿದ್ದನ್ನು ಕಂಡವರಿರಲಿಲ್ಲ. ಸ್ವಂತ ಮಗ ರಾಜೇಂದ್ರ ಪಕ್ಕದವರ ಕಾಂಪೌಂಡಿಗೆ ಕಾರು ತಗುಲಿಸಿ ಗಪ್‌ಚುಪ್ಪಾಗಿ ಒಳಗೆ ಬಂದಾಗ, “ನಮ್ಮೋನೇ ಗುದ್ದಿದ್ದು, ನಾನ್ ನೋಡ್ದೆ” ಎಂದು ಬೀದಿಯಲ್ಲಿ ನಿಂತು ಹೇಳಿದ ಹೆಂಗಸು ಅದು.

ಎಲ್ಲಿಂದ ನೋಡುತ್ತಾಳೆ ಎಂದು ಮಾತ್ರ ಯಾರೂ ಕೇಳಿರಲಿಲ್ಲ. ಕೇಳುವಂಥದ್ದು ಅಂತ ಯಾರಿಗೂ ಹೊಳೆದಿರಲಿಲ್ಲ.

ಹಿಂದೆ ಜಗುಲಿ ಇತ್ತು, ಜಗುಲಿಯ ಮೇಲೆ ಕೂತರೆ ಇಡೀ ಊರು ಕಾಣುತ್ತಿತ್ತು. ಈಗ ಜಗುಲಿಯ ಜಾಗದಲ್ಲಿ ಬೈಕುಗಳು ನಿಲ್ಲುತ್ತವೆ. ಗಂಡ ಗೋಪಾಲಪ್ಪ ರಾಗಿ ಹೊಲ ಮಾರಿ, ಮನೆಯ ಮೇಲೆ ಮನೆ ಏರಿಸಿ, ಕಂಪನಿ ಹುಡುಗರಿಗೆ ಬಾಡಿಗೆ ಕೊಟ್ಟು, ಊರಮ್ಮನ ಗುಡಿ ಸಮಿತಿಗೆ ಅಧ್ಯಕ್ಷನೂ ಆಗಿ, ತಾನು ಹುಟ್ಟಿದ್ದೇ ಬಿಳಿ ಪಂಚೆಯಲ್ಲಿ ಎಂಬಂತೆ ಓಡಾಡುತ್ತಿದ್ದ. ಅನುಸೂಯಮ್ಮನಿಗೆ ಮಂಡಿ ನೋವು. ಕೆಳಗಿನ ಮನೆಯ ಹಾಲ್ ಒಂದೇ ಆಕೆಯ ಲೋಕ. ಆ ಹಾಲಿಗೆ ಗುಡಿಯ ಕಡೆಗೊಂದು ಕಿಟಕಿ ಇದೆ, ಆದರೆ ಕಿಟಕಿಯ ಬಳಿ ಸೋಫಾ ಹಿಡಿಸುವುದಿಲ್ಲ. ಹಾಗಾಗಿ ರಾಜೇಂದ್ರ ಗೇಟಿನ ಮೇಲೆ ಕ್ಯಾಮೆರಾ ಹಾಕಿಸಿ, ಗೋಡೆಯ ಮೇಲಿನ ಟೀವಿಗೆ ಅದನ್ನು ಜೋಡಿಸಿದಾಗ ಆಕೆಗೆ ಜಗುಲಿ ವಾಪಸ್ಸು ಸಿಕ್ಕಿದ ಹಾಗಾಯಿತು. ಬೆಳಗ್ಗೆ ಸ್ನಾನ ಮಾಡಿ, ಗುಡಿಯ ಅಮ್ಮನಿಗೆ ಹೋಗುವ ಹೂವಿನ ಹಾರ ಕಟ್ಟುತ್ತ, ಕಿಟಕಿಗೆ ಬೆನ್ನು ಹಾಕಿ ಟೀವಿಯಲ್ಲಿ ಬೀದಿ ನೋಡುತ್ತ ಕೂರುತ್ತಿದ್ದಳು. ಗೇಟು, ಗುಡಿಯ ಪಕ್ಕದ ಬಾಗಿಲು, ಹಾಲಿನ ಅಂಗಡಿ, ಅಲ್ಲಿಂದಾಚೆ ಮೆಟ್ರೋದ ಕಂಬ, ಎಲ್ಲವೂ ಅದರಲ್ಲಿ ಕಾಣುತ್ತಿದ್ದವು. ಆಕೆಯ ಪಾಲಿಗೆ ಅದೂ ಒಂದು ಕಿಟಕಿಯೇ. ಕಿಟಕಿಯಲ್ಲಿ ನೋಡಿದೆ ಎಂದು ಯಾರಾದರೂ ಬಿಡಿಸಿ ಹೇಳುತ್ತಾರೆಯೇ?

ಕಳೆದ ವರ್ಷ ದೀಪಾವಳಿ ಆದ ಮೇಲೆ ಒಂದು ಬುಧವಾರ ಬೆಳಗ್ಗೆ ಪೂಜಾರಿ ಪರಮಾನಂದ ಗುಡಿ ಬಾಗಿಲು ತೆಗೆದು ನೋಡಿದರೆ ಅಮ್ಮನ ಕೊರಳು ಬೋಳು. ಚಿನ್ನದ ತಾಳಿ ಇಲ್ಲ, ಬೆಳ್ಳಿಯ ಮುಖ ಇಲ್ಲ. ಹಿಂದಿನ ರಾತ್ರಿ ಮಂಗಳಾರತಿಯಲ್ಲಿ ಎರಡನ್ನೂ ಊರೆಲ್ಲ ಕಣ್ಣಿಗೊತ್ತಿಕೊಂಡಿತ್ತು. ಬೀಗ ಒಡೆದಿಲ್ಲ, ಬಾಗಿಲು ಮುರಿದಿಲ್ಲ. ಪರಮಾನಂದ ಹಣೆ ಹಣೆ ಬಡಿದುಕೊಂಡ. ಜನ ಸೇರಿದರು, ಕೂಗಾಡಿದರು, ಆಮೇಲೆ ರೂಢಿಯಂತೆ ಕೇಳಿದರು: “ಅನುಸೂಯಮ್ಮ ಏನಾರಾ ನೋಡವ್ರಾ?”

ಆಕೆ ಕುಂಟುತ್ತ ಗೇಟಿಗೆ ಬಂದು ಹೇಳಿದಳು. “ಬೆಳಗ್ಗೆ ನಮ್ ಯಮನಪ್ಪ ಪಕ್ಕದ ಬಾಗ್ಲಿಂದ ಈಚೆಗ್ ಬಂದ. ಕೈಲಿ ಕೆಂಪು ಟವಲ್ಲಿನ ಗಂಟು ಇತ್ತು. ಮಾರಕ್ಕ ನಿಂಬೆಹಣ್ಣಿನ ಬುಟ್ಟಿ ಇಳಿಸ್ಕಂಡು ಕೂತಿದ್ಲು, ಅವಳ್ನ ದಾಟ್ಕಂಡು ಹೋದ. ಕಣ್ಣಾರೆ ನೋಡ್ದೆ.”

ಅವನು ಕದ್ದ ಅಂತ ಆಕೆ ಹೇಳಲಿಲ್ಲ. ಕಂಡದ್ದನ್ನು ಹೇಳಿದಳು, ಅಷ್ಟೇ. ಮಿಕ್ಕದ್ದನ್ನು ಊರೇ ಸೇರಿಸಿಕೊಂಡಿತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನಕ್ಕೆ ಅಷ್ಟು ಸಾಕಲ್ಲ.

ಯಮನಪ್ಪ ಕೊಪ್ಪಳದ ಕಡೆಯವನು. ಎದುರಿನ ಟೆಕ್ ಪಾರ್ಕಿನಲ್ಲಿ ರಾತ್ರಿ ಪಾಳಿಯ ಕಾವಲುಗಾರ. ಹೆಂಡತಿ ಹುಲಿಗೆಮ್ಮನ ಜೊತೆ ಗೋಪಾಲಪ್ಪನ ಮನೆಯ ಹಿಂದಿನ ಶೀಟು ಮನೆಯಲ್ಲಿದ್ದ. ನಮ್ಮೂರ ಕಡೆಯ ಹುಲಿಗೆಮ್ಮ ದೇವಿಯನ್ನು ಬಿಟ್ಟು ಬಂದಿದ್ದೇನೆ, ಇಲ್ಲಿ ಈ ತಾಯಿಯ ಸೇವೆಯಾದರೂ ಆಗಲಿ ಎಂದು ಮಂಗಳವಾರ ಮಂಗಳವಾರ ಪಾಳಿ ಮುಗಿಸಿ ಬಂದು ಗುಡಿ ಗುಡಿಸಿ, ಬಾಡಿದ ಹೂವನ್ನೆಲ್ಲ ಟವಲ್ಲಿನಲ್ಲಿ ಕಟ್ಟಿ ಆಚೆ ಹಾಕುತ್ತಿದ್ದ. ಅದಕ್ಕೆಂದು ಪರಮಾನಂದ ಪಕ್ಕದ ಬಾಗಿಲಿನ ಬೀಗದ ಕೈಯನ್ನು ಆವತ್ತೊಂದು ಹೊತ್ತು ಅವನಿಗೆ ಕೊಡುತ್ತಿದ್ದ. ಅದರ ನಕಲು ಮಾಡಿಸಿಕೊಂಡಿದ್ದಾನೆ ಎಂದು ಊರು ಆ ಕ್ಷಣಕ್ಕೇ ತೀರ್ಮಾನಿಸಿತು.

ನಿದ್ದೆಗಣ್ಣಿನಲ್ಲೇ ಎಳೆದು ತಂದಾಗ ಯಮನಪ್ಪ ಒಂದೇ ಮಾತು ಹೇಳಿದ. “ಮಂಗಳವಾರ ಹೋಗಿದ್ದೆನ್ರಿ. ಬುಧವಾರ ಹೋಗಿಲ್ರಿ.”

ಜನ ಗೊಳ್ಳೆಂದು ನಕ್ಕರು. ಕಳ್ಳನಿಗೊಂದು ಪಿಳ್ಳೆ ನೆವ. ನಾಳೆ ಕೇಳಿದರೆ ಸೋಮವಾರ ಅಂದಾನು ಎಂದರು.

ಪೊಲೀಸರು ಬರುವ ಮೊದಲೇ ಗೋಪಾಲಪ್ಪ ಊರಿನ ಪದ್ಧತಿ ನಡೆಸಿದ. ಹಳೇ ಊರಿನವರು ಜಮೀನು ಮಾರಿದರು, ಎತ್ತು ಮಾರಿದರು, ಬಾವಿ ಮುಚ್ಚಿ ಅದರ ಮೇಲೆ ಪಿಜಿ ಕಟ್ಟಿದರು, ಆದರೆ ಅಮ್ಮನ ಮುಂದೆ ಕರ್ಪೂರ ಹಿಡಿದು ಆಣೆ ಮಾಡುವುದನ್ನು ಬಿಟ್ಟಿಲ್ಲ. ಅಂಗೈ ಮೇಲೆ ವೀಳ್ಯದೆಲೆ, ಎಲೆಯ ಮೇಲೆ ಉರಿಯುವ ಕರ್ಪೂರ. ಅನುಸೂಯಮ್ಮ ಅದನ್ನು ಹಿಡಿದು, “ನಾನು ಕಂಡಿದ್ದು ಸುಳ್ಳಾದ್ರೆ ಈ ಕಣ್ಣು ಹೋಗ್ಲಿ ತಾಯೇ” ಎಂದಳು. ಕೈ ನಡುಗಲಿಲ್ಲ. ಯಾಕೆ ನಡುಗಬೇಕು? ಆಕೆ ನೋಡಿದ್ದು ನಿಜ.

ಪೊಲೀಸರು ಬಂದರು. ಗುಡಿಯ ಕ್ಯಾಮೆರಾದ ವೈರನ್ನು ಇಲಿ ಕಡಿದು ಎಷ್ಟೋ ಕಾಲವಾಗಿತ್ತು. ಗೋಪಾಲಪ್ಪನ ಮನೆಯ ಕ್ಯಾಮೆರಾ ಬರೀ ಗೇಟು ಕಾಯುತ್ತದೆ ಎಂದುಕೊಂಡು ಅದರ ಗೋಜಿಗೆ ಯಾರೂ ಹೋಗಲಿಲ್ಲ. ಕಂಡವರೇ ಕಣ್ಣೆದುರು ಇರುವಾಗ ಯಂತ್ರ ಯಾರಿಗೆ ಬೇಕು? ಸಬ್ ಇನ್ಸ್‌ಪೆಕ್ಟರು ಹಾಲಿಗೆ ಬಂದು, “ಇಲ್ಲಿ ಕೂತು ನೋಡಿದ್ರಾ ಅಮ್ಮಾ?” ಎಂದು ಕಿಟಕಿಯ ಕಡೆ ಕೈ ತೋರಿಸಿದರು. ಇಲ್ಲಿ ಕೂತೇ ನೋಡಿದ್ದು ಹೌದಲ್ಲ, “ಹೂಂ” ಎಂದಳು. ಅವರು ಕಿಟಕಿಯಿಂದ ಗುಡಿಯ ಬಾಗಿಲಿಗೆ ಒಂದು ಗೀಟೆಳೆದು ನಕ್ಷೆ ಬರೆದುಕೊಂಡರು. ಒಡವೆ ಸಿಗಲಿಲ್ಲ. ಯಮನಪ್ಪನ ಪರವಾಗಿ ಜಾಮೀನು ನಿಲ್ಲುವವರೂ ಸಿಗಲಿಲ್ಲ. ಅವನನ್ನು ಪರಪ್ಪನ ಅಗ್ರಹಾರದ ಜೈಲಿಗೆ ಕಳಿಸಿದರು.

ಹುಲಿಗೆಮ್ಮ ಶೀಟು ಮನೆ ಬಿಟ್ಟು ಹೋಗಲಿಲ್ಲ. ಮನೆ ಖಾಲಿ ಮಾಡಿಸಿಬಿಡೋಣ ಎಂದು ಗೋಪಾಲಪ್ಪ ಹೇಳಿದ್ದ, ಅನುಸೂಯಮ್ಮನೇ ಬೇಡವೆಂದಳು. ಅವಳು ಮೊದಲಿನ ಹಾಗೇ ಬೆಳಗ್ಗೆ ಅಂಗಳ ಗುಡಿಸಿ, ನೀರು ಹಾಕಿ, ಅಪಾರ್ಟ್‌ಮೆಂಟಿನ ಕೆಲಸಕ್ಕೆ ಹೋಗುತ್ತಿದ್ದಳು. ಒಂದು ದಿನ ಅನುಸೂಯಮ್ಮ ತಡೆಯಲಾರದೆ ಕೇಳಿದಳು, “ನನ್ ಮೇಲೆ ಕ್ವಾಪಾನೇನೆ?”

“ನಿಮ್ಮ ಮ್ಯಾಲೆ ಯಾಕ್ರಿ ಸಿಟ್ಟು, ಅಮ್ಮಾರ?” ಎಂದಳು ಹುಲಿಗೆಮ್ಮ, ಪೊರಕೆ ಕೆಳಗಿಡದೆ. “ನೀವು ಸುಳ್ಳು ಹೇಳೂ ಪೈಕಿ ಅಲ್ಲ, ಊರಿಗೇ ಗೊತ್ತೈತಿ. ನನ್ನ ಮುಂದ ಮೂರು ಹೊತ್ತೂ ದೇವ್ರು ದೇವ್ರು ಅಂತಿದ್ದ. ದೇವ್ರ ಕೊಳ್ಳಾಗಿಂದನ ಕದ್ದಾನಲ್ರಿ. ಅಂವನ ಮಾರಿ ನೋಡಾಕ ನಾ ಹೋಗಂಗಿಲ್ಲ.”

ಆಗ ಆ ಮಾತು ಅನುಸೂಯಮ್ಮನಿಗೆ ಸಮಾಧಾನ ತಂದಿತ್ತು. ಅದನ್ನು ನೆನೆದರೆ ಈಗಲೂ ಆಕೆಗೆ ತನ್ನ ಮೇಲೆ ಹೇಸಿಗೆಯಾಗುತ್ತದೆ.

ಯುಗಾದಿ ಮುಗಿದು ಬಿಸಿಲು ಏರುತ್ತಿದ್ದ ಒಂದು ಬೆಳಗ್ಗೆ ಆಕೆ ಎಂದಿನಂತೆ ಹೂ ಕಟ್ಟುತ್ತ ಕೂತಿದ್ದಳು. ಟೀವಿಯಲ್ಲಿ ಹಾಲಿನ ಅಂಗಡಿಯವನು ಬಾಗಿಲೆತ್ತಿದ. ಒಂದು ಕಂಪನಿ ಕ್ಯಾಬು ಹಾದು ಹೋಯಿತು. ಆಮೇಲೆ ಗೇಟು ತೆಗೆದುಕೊಂಡು ಒಬ್ಬ ಹೆಂಗಸು ಬೀದಿಗೆ ಬಂದಳು. ಗಿಳಿಹಸಿರು ಸೀರೆ, ಒಂದು ಕಾಲು ಎಳೆದು ನಡೆಯುವ ನಡಿಗೆ. ಕರಿಬೇವಿನ ಗಿಡಕ್ಕೆ ಬಾಯಿ ಹಾಕಿದ್ದ ಹಸುವನ್ನು ಹಚಾ ಹಚಾ ಎಂದು ಓಡಿಸಿ, ಸೊಂಟಕ್ಕೆ ಕೈಯಿಟ್ಟು ನಿಂತಳು. ಎಷ್ಟು ದಪ್ಪ ಆಗಿದ್ದಾಳಪ್ಪ ಇವಳು, ಯಾರ ಮನೆಯವಳು, ಎಂದುಕೊಂಡಳು ಅನುಸೂಯಮ್ಮ.

ಆ ಹೆಂಗಸು ಇತ್ತ ತಿರುಗಿದಳು. ಅದು ಅನುಸೂಯಮ್ಮನೇ.

ಹೂವಿನ ದಾರ ಕೈಯಿಂದ ಜಾರಿತು. ಆಕೆ ತನ್ನ ಮೈ ನೋಡಿಕೊಂಡಳು. ಉಟ್ಟಿರುವುದು ಕಂದು ಸೀರೆ, ಕೂತಿರುವುದು ಸೋಫಾದ ಮೇಲೆ. ಇಲ್ಲಿ ಕೂತವಳು ಅಲ್ಲಿ ಹೇಗೆ ನಡೆಯುತ್ತಿದ್ದಾಳೆ? ಜೀವ ಹೋಗಿ ಬೀದಿಯಲ್ಲಿ ಅಲೆಯುತ್ತಿದೆಯೋ ಎಂದು ಒಂದು ಗಳಿಗೆ ನಿಜವಾಗಿಯೂ ಹೆದರಿದಳು.

“ಲಾವಣ್ಯಾ! ಬಾರೇ ಇಲ್ಲಿ!”

ಸೊಸೆ ಲಾವಣ್ಯ ಅಡುಗೆಮನೆಯಿಂದ ಸೌಟು ಹಿಡಿದೇ ಓಡಿ ಬಂದಳು. ಟೀವಿ ನೋಡಿ ನಕ್ಕಳು. “ಅಯ್ಯೋ, ಅದು ನಿನ್ನೇದು ಅತ್ತೆ! ನಮ್ ಗೇಟ್ ಹತ್ರ ಕಸದ ಕವರ್ ಎಸ್ದು ಹೋಗ್ತಾರಲ್ಲ, ಯಾರು ಅಂತ ಹಿಡಿಯೋಕೆ ಹಿಂದಿನ ದಿನದ್ದು ಹಾಕಿ ನೋಡ್ತಾ ಇದ್ದೆ. ಕುಕ್ಕರ್ ಕೂಗ್ತು, ಹಂಗೇ ಬಿಟ್ಟೋಗ್ಬಿಟ್ಟೆ.”

“ನಿನ್ನೇದು ಇವತ್ತು ಬತ್ತದಾ?”

“ಹಾಕಿದ್ರೆ ಬರತ್ತೆ ಅತ್ತೆ. ನೋಡಿ, ಈ ಮೂಲೇಲಿ ತಾರೀಕು ಇರತ್ತಲ್ಲ.”

ಆ ಮೂಲೆಯಲ್ಲಿ ಸಾಸಿವೆ ಚೆಲ್ಲಿದ ಹಾಗೆ ಏನೋ ಬಿಳಿಯದು ಇದೆ ಎಂಬುದು ಅನುಸೂಯಮ್ಮನಿಗೆ ಗೊತ್ತಿತ್ತು. ಅದು ತಾರೀಕು ಎಂದು ಗೊತ್ತಿರಲಿಲ್ಲ.

“ಹಿಂಗೆ ಯಾವಾಗಿಂದ ನೋಡ್ತಿದ್ದೀಯೇ?”

“ಕ್ಯಾಮೆರಾ ಹಾಕ್ಸಿದಾಗಿಂದ್ಲೂ. ಕಸ ನೋಡ್ದಾಗೆಲ್ಲ. ಯಾಕತ್ತೆ, ಮುಖ ಯಾಕ್ ಹಂಗಾಯ್ತು?”

ಅನುಸೂಯಮ್ಮನ ಕಣ್ಣ ಮುಂದೆ ನಿಂಬೆಹಣ್ಣು ಬಂದು ನಿಂತಿತ್ತು. ಬುಟ್ಟಿಯ ತುಂಬ ಹಳದಿ ನಿಂಬೆಹಣ್ಣು, ಅದರ ಪಕ್ಕ ಬತ್ತಿಯ ಕಟ್ಟು, ಅವುಗಳ ಹಿಂದೆ ಮಾರಕ್ಕ. ನಿಂಬೆಹಣ್ಣಿನ ದೀಪ ಹಚ್ಚುವುದು ಮಂಗಳವಾರ ಮತ್ತು ಶುಕ್ರವಾರ. ಮಾರಕ್ಕ ಗುಡಿಯ ಮುಂದೆ ಕೂರುವುದೂ ಆ ಎರಡು ದಿನ ಮಾತ್ರ. ಸರ್ಜಾಪುರದ ಆಚೆಯ ಹಳ್ಳಿಯಿಂದ ಬಸ್ಸು ಹತ್ತಿ ಬರುವ ಮುದುಕಿ ಬುಧವಾರ ಬಂದು ಯಾರಿಗೆ ನಿಂಬೆಹಣ್ಣು ಮಾರುತ್ತಾಳೆ? ಊರಿನ ಮುಂದೆ, ಪೊಲೀಸರ ಮುಂದೆ ತಾನೇ ಬಾಯಿಬಿಟ್ಟು ಹೇಳಿದ ಮಾತು ಅದು. ಯಾರ ಕಿವಿಗೂ ಬೀಳಲಿಲ್ಲ, ಮೊದಲು ತನ್ನ ಕಿವಿಗೇ ಬೀಳಲಿಲ್ಲ.

ಆದರೂ ಶುಕ್ರವಾರದವರೆಗೆ ಕಾದಳು. ಮಂಡಿಗೆ ಎಣ್ಣೆ ಹಚ್ಚಿಕೊಂಡು ಗುಡಿಯವರೆಗೆ ನಡೆದು, ಮಾರಕ್ಕನ ಬುಟ್ಟಿಯ ಮುಂದೆ ನಿಂತು ಕೇಳಿದಳು. “ಮಾರಕ್ಕ, ಯಾವತ್ತಾದ್ರೂ ಬುಧವಾರ ಬಂದಿದ್ಯಾ ಇಲ್ಲಿಗೆ?”

“ಬುಧವಾರ ನಾನ್ ಕಾಡುಗೋಡಿ ಕಡೀಕ್ ಓಯ್ತೀನಿ ತಾಯಿ. ಇಲ್ಯಾಕ್ ಬರ್ಲಿ?”

“ಒಂದ್ ಸಲಾನೂ ಬಂದಿಲ್ವಾ?”

“ಬುಧವಾರ ಈ ಅಮ್ಮಂಗೆ ಯಾರ್ ದೀಪ ಅಚ್ತಾರೆ? ಯಾಕವ್ವ, ಏನಾಯ್ತು?” ಎಂದ ಮಾರಕ್ಕ ಆಮೇಲೆ ಏನೋ ನೆನಪಾಗಿ ದನಿ ತಗ್ಗಿಸಿದಳು. “ಆ ಕಳ್ತನದ್ದಾ? ನನ್ ಕೋರ್ಟು ಕಚೇರಿಗೆ ಎಳೀಬ್ಯಾಡ್ರವ್ವ, ನಿಮ್ ಕಾಲಿಗ್ ಬೀಳ್ತೀನಿ.”

ಆಗ ಅನುಸೂಯಮ್ಮನಿಗೆ ಖಾತ್ರಿಯಾಯಿತು. ಯಮನಪ್ಪ ಹೇಳಿದ್ದು ಅಕ್ಷರಶಃ ನಿಜ. ತಾನು ನೋಡಿದ್ದೂ ನಿಜ, ಆದರೆ ಆ ಬುಧವಾರ ಟೀವಿಯಲ್ಲಿ ಓಡುತ್ತಿದ್ದದ್ದು ಮಂಗಳವಾರ. ನಡುವೆ ಒಂದು ದಿನ ಕಳೆದುಹೋಗಿತ್ತು, ಆ ಒಂದು ದಿನಕ್ಕೆ ಒಬ್ಬ ಮನುಷ್ಯ ಜೈಲಿನಲ್ಲಿದ್ದಾನೆ. ಗುಡಿಯ ಬಾಗಿಲಿನ ಚೌಕಟ್ಟು ಹಿಡಿದು ನಿಂತಳು. ಒಳಗೆ ಅಮ್ಮನಿಗೆ ಹೊಸ ಬೆಳ್ಳಿ ಮುಖ ಮಾಡಿಸಿ ಹಾಕಿದ್ದರು. ಅದರ ಕಣ್ಣು ನೋಡಲು ಆಕೆಗೆ ಧೈರ್ಯ ಬರಲಿಲ್ಲ.

ಆ ದಿನವೇ ಊಟಕ್ಕೆ ಬಡಿಸುವಾಗ ಗಂಡನಿಗೆ ಎಲ್ಲ ಹೇಳಿದಳು. ಗೋಪಾಲಪ್ಪ ಮುದ್ದೆ ಮುರಿಯುವುದನ್ನು ನಿಲ್ಲಿಸಲಿಲ್ಲ. ಎಲ್ಲ ಕೇಳಿ, ಸಾರಿನಲ್ಲಿ ಅದ್ದಿ, ನುಂಗಿ, ಆಮೇಲೆ ಹೇಳಿದ.

“ಅಮ್ಮನ್ ಮುಂದೆ ಏನಂದೆ? ಸುಳ್ಳಾದ್ರೆ ಕಣ್ ಓಗ್ಲಿ ಅಂದೆ. ಕಣ್ ಓಯ್ತಾ?”

“ಇಲ್ಲ.”

“ಈಗ್ಲೂ ಸೂಜಿಗೆ ದಾರ ಪೋಣಿಸ್ತೀಯ. ಅಂದ್ಮೇಲೆ ಆಣೆ ನಿಜ ಆಯ್ತಲ್ಲ. ತಾಯಿಗಿಂತ ನಿಂಗೆ ಜಾಸ್ತಿ ಗೊತ್ತಾ?”

“ನಾನು ಸುಳ್ಳು ಹೇಳ್ಲಿಲ್ಲ ಕಣ್ರೀ, ಅದ್ಕೇ ಕಣ್ ಹೋಗಿಲ್ಲ. ಆದ್ರೆ ನಾನ್ ಕಂಡಿದ್ದು ತಪ್ಪು.”

“ಸುಳ್ಳಲ್ಲ, ಆದ್ರೆ ತಪ್ಪು! ಇದ್ನ ಯಾವ್ ನನ್ಮಗ ಕೇಳ್ತಾನೆ?” ಅವನು ಎದ್ದು ಕೈ ತೊಳೆದ. ಟವಲ್ಲಿನಲ್ಲಿ ಕೈ ಒರೆಸಿಕೊಳ್ಳುತ್ತ ಹತ್ತಿರ ಬಂದು ದನಿ ತಗ್ಗಿಸಿದ. “ಸರಿ, ಅವನಲ್ಲ. ಇನ್ಯಾರು? ಬೀಗ ಒಡ್ದಿಲ್ಲ. ಇರೋದು ಎರಡು ಬೀಗದ ಕೈ. ಒಂದು ಪರಮಾನಂದನತ್ರ. ಇನ್ನೊಂದು ನನ್ನ ಉಡಿದಾರದಾಗೆ. ಯಾರ್ ಹೆಸ್ರು ಹೇಳ್ತೀಯ ಕೋರ್ಟ್ನಾಗೆ? ಹೇಳು, ಕೇಳಾನ.”

ಅನುಸೂಯಮ್ಮ ಅವನ ಸೊಂಟದ ಕಡೆ ನೋಡಿದಳು. ನೋಡಬಾರದಿತ್ತು. ಗಂಡ ಕಳ್ಳನಲ್ಲ, ಅದು ಆಕೆಗೆ ಗೊತ್ತು. ಪರಮಾನಂದ ಕಣ್ಣೀರು ಹಾಕದೆ ಮಂತ್ರ ಹೇಳಲಾರದ ಮನುಷ್ಯ, ಅವನೂ ಅಲ್ಲ. ಆದರೆ ಯಮನಪ್ಪ ಅಲ್ಲ ಎಂದ ಕೂಡಲೇ ಊರು ಇವರಿಬ್ಬರ ಕಡೆ ತಿರುಗುತ್ತದೆ. ಆ ಬೆಳಗ್ಗೆ ಊರಿಗೆ ಹೊರಗಿನವನೊಬ್ಬ ಬೇಕಾಗಿದ್ದ, ತಾನು ಅವನನ್ನು ತಟ್ಟೆಯಲ್ಲಿಟ್ಟು ಕೊಟ್ಟಿದ್ದಳು. ಬಿಸಿ ತುಪ್ಪ ಬಾಯಲ್ಲಿ ಹಾಕಿಕೊಂಡಂತಾಗಿತ್ತು, ನುಂಗುವಂತಿಲ್ಲ, ಉಗುಳುವಂತಿಲ್ಲ.

ಮಾರನೆಯ ದಿನ ಆಕೆ ಹೂ ಕಟ್ಟಲು ಕೂತಾಗ ಟೀವಿ ಕಪ್ಪಗಿತ್ತು. ಗೋಪಾಲಪ್ಪ ಕ್ಯಾಮೆರಾ ಬಿಚ್ಚಿಸಿದ್ದ, ದೃಶ್ಯ ತುಂಬಿಡುವ ಅದರ ಡಬ್ಬಿಯನ್ನೂ ಎತ್ತಿ ಯಾರಿಗೋ ಕೊಟ್ಟುಬಿಟ್ಟಿದ್ದ. ಹಳೆಯ ದೃಶ್ಯ ಹೇಗಿದ್ದರೂ ಉಳಿದಿರಲಿಲ್ಲ, ಹದಿನೈದು ದಿನಕ್ಕೆಲ್ಲ ಅದರ ಮೇಲೆ ಹೊಸದು ಕೂರುತ್ತದೆ ಎಂದು ಲಾವಣ್ಯ ಹೇಳಿದ್ದಳು. ಆದರೆ ಇವತ್ತು ನಿನ್ನೆಯನ್ನು ಹೇಗೆ ತೋರಿಸುತ್ತದೆ ಎಂಬುದನ್ನಾದರೂ ಯಾರಿಗಾದರೂ ತೋರಿಸಬಹುದಿತ್ತು. ಈಗ ಅದೂ ಇಲ್ಲ. ಅನುಸೂಯಮ್ಮ ತಿರುಗಿ ಕೂತು ಕಿಟಕಿಯಿಂದ ನೋಡಿದಳು. ಎಷ್ಟೋ ತಿಂಗಳಾಗಿತ್ತು ಆ ಕಡೆ ನೋಡಿ. ಪಕ್ಕದ ಪಿಜಿಯವರು ಹಾಕಿಸಿದ ಹೊಸ ಶೀಟು ಗುಡಿಯ ಬಾಗಿಲನ್ನು ಅರ್ಧ ಮುಚ್ಚಿತ್ತು.

ಕೋರ್ಟಿನ ದಿನ ಗೊತ್ತಾಯಿತು. ಅದಕ್ಕೆ ಮೊದಲು ಸರ್ಕಾರಿ ವಕೀಲರು ಕರೆಸಿದ್ದರು. ಆಕೆ ಟೀವಿಯ ವಿಷಯ ಶುರು ಮಾಡುತ್ತಿದ್ದಂತೆ ಕೈಯೆತ್ತಿ ತಡೆದರು. “ಅಮ್ಮಾ, ಪೊಲೀಸರ ಮುಂದೆ ಏನ್ ಹೇಳಿದ್ರೋ ಅಷ್ಟೇ ಹೇಳಿ. ಬೇರೆ ಹೇಳಿದ್ರೆ ನಿಮ್ ಮೇಲೇ ಸುಳ್ಳು ಸಾಕ್ಷಿ ಕೇಸಾಗತ್ತೆ. ಈ ವಯಸ್ಸಲ್ಲಿ ಬೇಕಾ?” ಗೋಪಾಲಪ್ಪ ಪಕ್ಕದಲ್ಲೇ ನಿಂತು ತಲೆಯಾಡಿಸುತ್ತಿದ್ದ. ವಾಪಸ್ಸು ಬರುವಾಗ ಕಾರಿನ ಗಾಜು ಏರಿಸಿತ್ತು, ವೈಟ್‌ಫೀಲ್ಡ್ ರಸ್ತೆಯಲ್ಲಿ ಗಾಡಿಗಳು ಅಲ್ಲಾಡದೆ ನಿಂತಿದ್ದವು. ಇಳಿದು ಹೋಗಬೇಕು ಅನ್ನಿಸಿತು ಆಕೆಗೆ. ಆದರೆ ಇಳಿದು ಹೋಗುವುದೆಲ್ಲಿಗೆ?

ಎಲ್ಲಿಗೂ ಹೋಗುವಂತಿರಲಿಲ್ಲ. ಆದ್ದರಿಂದ ಕಟಕಟೆಗೇ ಹೋದಳು.

ಯಮನಪ್ಪ ಅಲ್ಲಿದ್ದ. ಗುರುತೇ ಸಿಗಲಿಲ್ಲ. ಕೆನ್ನೆಯ ಮೂಳೆ ಎದ್ದು, ಅಂಗಿ ಬೇರೆ ಯಾರದೋ ಎಂಬಂತೆ ನೇತಾಡುತ್ತಿತ್ತು. ಅಷ್ಟು ಜನರ ನಡುವೆ ಅವನು ಆಕೆಗೆ ಕೈ ಮುಗಿದ. ದಿನವೂ ಬೆಳಗ್ಗೆ ಗೇಟಿನ ಬಳಿ ಮುಗಿಯುತ್ತಿದ್ದ ಹಾಗೆಯೇ, ಅಭ್ಯಾಸಬಲದಿಂದ.

“ಆರೋಪಿ ಗುಡಿಯ ಪಕ್ಕದ ಬಾಗಿಲಿಂದ ಹೊರಗೆ ಬಂದಿದ್ದನ್ನ ನೀವು ಕಣ್ಣಾರೆ ನೋಡಿದ್ರಾ?” ಸರ್ಕಾರಿ ವಕೀಲರು ಕೇಳಿದರು.

“ನೋಡ್ದೆ ಸ್ವಾಮಿ. ಆದ್ರೆ...”

“ಹೌದು ಅಥವಾ ಇಲ್ಲ. ಅಷ್ಟೇ ಹೇಳಿ.”

“ಹೌದು. ಆದ್ರೆ ಅದು ಮಂಗಳವಾರ.”

ಮಂಗಳವಾರ ಎಂಬ ಮಾತು ಕೇಳುತ್ತಿದ್ದಂತೆ ಯಮನಪ್ಪನ ಬಾಯಿಂದ ಒಂದು ಸದ್ದು ಬಂತು. “ಮಂಗಳವಾರ್ರಿ ಸಾಹೇಬ್ರ! ಮಂಗಳವಾರ ಅಂತ ನಾ ಹೇಳೀನ್ರಿ!” ಪೊಲೀಸಿನವನು ಅವನ ಭುಜ ಅದುಮಿದ.

ನ್ಯಾಯಾಧೀಶರು ಆಕೆಗೆ ಬಿಡಿಸಿ ಹೇಳಲು ಅವಕಾಶ ಕೊಟ್ಟರು. ಆಕೆ ಹೇಳಿದಳು. ಟೀವಿ, ಕಸದ ಕವರು, ಗಿಳಿಹಸಿರು ಸೀರೆ, ನಿಂಬೆಹಣ್ಣು. ಹೇಳುತ್ತ ಹೇಳುತ್ತ ಅದು ತನಗೇ ಹುಚ್ಚರ ಮಾತಿನಂತೆ ಕೇಳಿಸತೊಡಗಿತು. ಆ ಬುಧವಾರ ನಾಲ್ಕು ಮಾತಿನಲ್ಲಿ ಹೇಳಿದ್ದಳು, ಎಲ್ಲರೂ ನಂಬಿದ್ದರು. ಇವತ್ತು ಇಷ್ಟುದ್ದ ಹೇಳಿದರೂ ಯಾರ ಮುಖದಲ್ಲೂ ನಂಬಿಕೆ ಕಾಣಲಿಲ್ಲ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು.

ಸರ್ಕಾರಿ ವಕೀಲರು, ಸಾಕ್ಷಿ ಪ್ರತಿಕೂಲವಾಗಿದ್ದಾರೆ, ಅವರನ್ನು ಪ್ರಶ್ನಿಸಲು ಅನುಮತಿ ಬೇಕು ಎಂದರು. ಇಷ್ಟು ದಿನ ಅಮ್ಮಾ ಅಮ್ಮಾ ಎನ್ನುತ್ತಿದ್ದವರ ದನಿಯೇ ಬದಲಾಯಿತು.

“ಆ ಕ್ಯಾಮೆರಾ ಎಲ್ಲಿದೆ?”

“ಬಿಚ್ಚಿಸ್ಬಿಟ್ರು.”

“ಪೊಲೀಸರು ಕಿಟಕಿ ತೋರಿಸಿದಾಗ ಹೌದು ಅಂದಿದ್ದು ನೀವೇ ತಾನೇ?”

“ಹೂಂ ಅಂದೆ.”

“ಆರೋಪಿಯ ಹೆಂಡತಿ ಈಗಲೂ ನಿಮ್ಮನೇಲೇ ಇದ್ದಾಳೆ, ದಿನಾ ನಿಮ್ ಅಂಗಳ ಗುಡಿಸ್ತಾಳೆ. ಹೌದಾ?”

“ಹೌದು.”

“ಅವಳ ಮೇಲೆ ಕನಿಕರ ಇದೆಯಾ ನಿಮಗೆ?”

ಇಲ್ಲ ಎಂದರೆ ಸುಳ್ಳಾಗುತ್ತಿತ್ತು. “ಅದೆ” ಎಂದಳು.

“ಅಷ್ಟೇ” ಎಂದು ವಕೀಲರು ಕೂತರು. ಯಮನಪ್ಪನಿಗೆ ಸರ್ಕಾರ ಕೊಟ್ಟಿದ್ದ ಎಳೆಯ ವಕೀಲ ಮಾತ್ರ ಮಾರಕ್ಕನ ಹೆಸರು ಕೇಳಿ ಬರೆದುಕೊಂಡ. ಮುಂದಿನ ದಿನಾಂಕ ಕೊಟ್ಟರು, ಯಮನಪ್ಪನನ್ನು ವಾಪಸ್ಸು ಕರೆದುಕೊಂಡು ಹೋದರು. ಬಾಗಿಲು ದಾಟುವವರೆಗೂ ಅವನು ಹಿಂದೆ ತಿರುಗಿ ತಿರುಗಿ ಆಕೆಯನ್ನೇ ನೋಡುತ್ತಿದ್ದ.

ಗೋಪಾಲಪ್ಪ ಆಕೆಯನ್ನು ಮನೆ ಮುಂದೆ ಇಳಿಸಿ, “ಊರಿಗೆ ನೀನೇ ಉತ್ರ ಕೊಡು” ಎಂದು ಹೇಳಿ ಗುಡಿಯ ಕಡೆ ಹೋದ. ಊರಿಗೆ ಸುದ್ದಿ ಆಗಲೇ ಮುಟ್ಟಿತ್ತು. ಊರಿನ ಬಾಯಿಗೆ ಮೂರು ಮೊಳದ ಬಟ್ಟೆ ಸಾಲದು. ಅನುಸೂಯಮ್ಮನಿಗೆ ಯಾರೋ ಮಾಟ ಮಾಡಿಸಿದ್ದಾರೆ ಎಂದರು ಕೆಲವರು, ವಯಸ್ಸಾಯಿತು ಪಾಪ ಎಂದರು ಕೆಲವರು. ನೋಡಿದ್ದು ತಪ್ಪಿರಬಹುದು ಎಂದವರು ಒಬ್ಬರೂ ಇಲ್ಲ.

ಆಕೆ ಮನೆಯೊಳಗೆ ಹೋಗದೆ ಹಿಂದಿನ ಶೀಟು ಮನೆಗೆ ಹೋದಳು. ಹುಲಿಗೆಮ್ಮ ಕೆಲಸದಿಂದ ಬಂದು ಹೊಸ್ತಿಲ ಮೇಲೆ ಕೂತು ಕಾಲು ಒತ್ತಿಕೊಳ್ಳುತ್ತಿದ್ದಳು. ಎದ್ದು ನಿಂತಳು.

“ಹುಲಿಗೆಮ್ಮ, ನಿನ್ ಗಂಡ ಕದ್ದಿಲ್ಲ ಕಣೆ. ನಾನ್ ನೋಡಿದ್ದು ಮಂಗಳವಾರದ್ದು.” ಟೀವಿಯ ಕಥೆಯನ್ನು ಮತ್ತೊಮ್ಮೆ ಹೇಳಿದಳು.

ಹುಲಿಗೆಮ್ಮ ಪೂರ್ತಿ ಕೇಳಿದಳು. ಅವಳ ಕಣ್ಣಿನಲ್ಲಿ ಅನುಸೂಯಮ್ಮ ಹುಡುಕುತ್ತಿದ್ದದ್ದು ಕಾಣಲಿಲ್ಲ. “ನೀವು ದೊಡ್ಡ ಮನಸ್ಸಿನೋರು ಅದೀರಿ, ಅಮ್ಮಾರ. ನನ್ನ ಬಾಳು ನೋಡಿ ನಿಮ್ಮ ಕರುಳು ಚುರ್ ಅಂದೈತಿ. ನನ್ನ ಸಲುವಾಗಿ ನೀವು ಸುಳ್ಳು ಹೇಳಬ್ಯಾಡ್ರಿ.”

“ಸುಳ್ಳಲ್ವೇ!”

“ಹಂಗಾರ ಟೀವಿ ತೋರಿಸ್ರಿ.”

ಟೀವಿಯಲ್ಲಿ ತೋರಿಸಲು ಕ್ಯಾಮೆರಾ ಎಲ್ಲಿದೆ? ಗೇಟಿನ ಮೇಲೆ ಎರಡು ಮೊಳೆ ಮಾತ್ರ ಉಳಿದಿದ್ದವು. ಅನುಸೂಯಮ್ಮ ಅವಳ ಕೈ ಹಿಡಿದು ಎಳೆದುಕೊಂಡೇ ಗುಡಿಗೆ ಹೋದಳು. ಅಂದು ಮಂಗಳವಾರವೂ ಅಲ್ಲ, ಶುಕ್ರವಾರವೂ ಅಲ್ಲ, ಗುಡಿಯ ಮುಂದೆ ಯಾರೂ ಇರಲಿಲ್ಲ. ಆರತಿ ತಟ್ಟೆಯಿಂದ ಕರ್ಪೂರ ತೆಗೆದು, ಎಲೆಗಾಗಿ ಹುಡುಕಿ, ಎಲೆ ಸಿಗದೆ, ಬರೀ ಅಂಗೈ ಮೇಲೇ ಇಟ್ಟುಕೊಂಡು ದೀಪಕ್ಕೆ ತಾಗಿಸಿದಳು.

“ತಾಯೇ, ಅವ್ನು ಬುಧವಾರ ಬಂದಿಲ್ಲ. ನಾನು ಹೇಳ್ತಿರೋದು ಸುಳ್ಳಾದ್ರೆ ಈ ಕಣ್ಣು ಈಗ್ಲೇ ಹೋಗ್ಲಿ.”

ಕರ್ಪೂರ ಉರಿಯಿತು. ಚರ್ಮ ಸುಡುವ ವಾಸನೆ ಬಂದರೂ ಆಕೆ ಕೈ ಕೊಡವಲಿಲ್ಲ. ಹುಲಿಗೆಮ್ಮ ಗಾಬರಿಯಾಗಿ ತನ್ನ ಸೆರಗಿನಿಂದ ಬಡಿದು ಆರಿಸಿದಳು. ಆಕೆಯನ್ನು ಕೂರಿಸಿ, ಆ ಸೆರಗನ್ನೇ ಒದ್ದೆ ಮಾಡಿ ಅಂಗೈಗೆ ಒತ್ತಿ ಹಿಡಿದಳು.

“ಅಮ್ಮಾರ” ಎಂದಳು ಹುಲಿಗೆಮ್ಮ, ಅಳುವ ದನಿಯಲ್ಲಿ. “ಅವತ್ತೂ ಇದ ಕೈಯಾಗ ಹಚ್ಚಿ ಹೇಳಿದ್ರಿ. ಕಣ್ಣು ಹೋಗ್ಲಿಲ್ಲ. ಇವತ್ತೂ ಹೇಳಿದ್ರಿ. ಇವತ್ತೂ ಹೋಗ್ಲಿಲ್ಲ. ನಾ ಯಾವ ಆಣಿ ನಂಬಲಿ, ಹೇಳ್ರಿ?”

ಇಷ್ಟು ವರ್ಷ ಊರಿಗೆಲ್ಲ ಉತ್ತರ ಕೊಟ್ಟ ಅನುಸೂಯಮ್ಮ ಕತ್ತೆತ್ತಿ ಅಮ್ಮನ ಬೆಳ್ಳಿ ಮುಖ ನೋಡಿದಳು. ಆಮೇಲೆ ಹೇಳಿದಳು.

“ಎರಡೂ ನಂಬಬೇಡ. ನನ್ನನ್ನೇ ನಂಬಬೇಡ ಕಣೆ. ಅವನು ಮೊದಲ್ನೇ ದಿನ ಏನಂದ?”

“ಮಂಗಳವಾರ ಹೋಗಿದ್ದೆ ಅಂದ.”

“ಆಮೇಲೆ?”

“ಆಮ್ಯಾಲೂ ಅದನ್ನ ಅಂದ್ನಂತ. ಸ್ಟೇಶನ್ನಾಗ ಬಡದ್ರೂ ಅದನ್ನ ಅಂದ್ನಂತ.”

“ಇವತ್ತೂ ಅದೇ ಅಂದ. ಎಲ್ಲಾರೂ ನನ್ ಕಣ್ ನಂಬಿದ್ರು, ನೀನೂ ನಂಬಿದೆ. ಅವನ್ನ ಯಾರು ಕೇಳಿದ್ರು? ನೀನಾದ್ರೂ ಹೋಗಿ ಕೇಳು.”

ಹುಲಿಗೆಮ್ಮ ಕೈಯಲ್ಲಿದ್ದ ಒದ್ದೆ ಸೆರಗನ್ನು ಬಿಡಲಿಲ್ಲ. ಹೊರಗೆ ಹಾದು ಹೋದ ಮೆಟ್ರೋದ ಸದ್ದಡಗಿದ ಮೇಲೆ ಬಹಳ ಸಣ್ಣ ದನಿಯಲ್ಲಿ ಕೇಳಿದಳು.

“ಆ ಜೈಲಿಗೆ ಯಾವ ಬಸ್ಸು ಹೊಕ್ಕೈತ್ರಿ, ಅಮ್ಮಾರ?”

ಅನುಸೂಯಮ್ಮನಿಗೆ ಗೊತ್ತಿರಲಿಲ್ಲ. ಆ ಬಸ್ಸು ಅವರ ಬೀದಿಯಲ್ಲಿ ಹಾದು ಹೋಗುವುದಿಲ್ಲ. ಯಾರನ್ನಾದರೂ ಕೇಳೋಣ ನಡಿ ಎಂದು, ಅವಳ ಭುಜ ಹಿಡಿದು ಮೇಲೆದ್ದಳು.